"ವಯಸ್ಸಾತು ಬಿಡು" ಅನ್ನೋ ಮುಂಚೆ: ಔಷಧಿಯ ಕೆಡುಕನ್ನು ಜನ ಗುರುತಿಸಿದ ಚರಿತ್ರೆ

ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತಿನ ಹಳ್ಳಿಗಳಲ್ಲಿ ಈಗ ಎಷ್ಟೋ ಮನೆಗಳ ಗೋಡೆ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿರುತ್ತದೆ. ಒಳಗಿರುವುದು ಅಜ್ಜ, ಅಜ್ಜಿಯ ಗುಳಿಗೆ. ಬಿಪಿಗೆ ಒಂದು, ಶುಗರಿಗೆ ಎರಡು, ಮೊಣಕಾಲು ನೋವಿಗೆ ಒಂದು, ಗ್ಯಾಸಿಗೆ ಒಂದು, ನಿದ್ದೆಗೆ ಒಂದು. ಈ ಚೀಲ ಎಷ್ಟೋ ಜೀವಗಳನ್ನು ಉಳಿಸಿದೆ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಆದರೆ ಇದೇ ಚೀಲದಿಂದ ಕೆಡುಕೂ ಬರುತ್ತದೆ. ಹರೆಯದವರಿಗೆ ಗುಳಿಗೆ ಆಗಿಬರದಿದ್ದರೆ ಮೈಮೇಲೆ ದದ್ದು ಏಳುತ್ತದೆ, ವಾಂತಿ ಆಗುತ್ತದೆ, ತಟ್ಟನೆ ಗೊತ್ತಾಗುತ್ತದೆ. ಹಿರಿಯರಲ್ಲಿ ಎಷ್ಟೋ ಸಲ ಹಾಗೆ ಗೊತ್ತಾಗುವುದಿಲ್ಲ. ಎದ್ದು ನಿಂತರೆ ತೂರಾಡುತ್ತಾರೆ. ಬಚ್ಚಲಲ್ಲಿ ಬೀಳುತ್ತಾರೆ. ಊಟ ಸೇರುವುದಿಲ್ಲ. ಹಗಲೆಲ್ಲ ಮಂಪರು. ರಾತ್ರಿ ಎದ್ದು ಮಗನನ್ನೇ "ನೀನ್ಯಾರಪ್ಪ" ಅಂತ ಕೇಳುತ್ತಾರೆ. ಮನೆಯವರು "ವಯಸ್ಸಾತು ಬಿಡು" ಅಂತಾರೆ. ಹಾಗಂದ ಮೇಲೆ ಮುಂದೆ ಯಾರೂ ಹುಡುಕುವುದಿಲ್ಲ.

ಹಾಗನ್ನುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ತ್ರಾಸು ಶುರುವಾಗುವ ಮುಂಚೆ ಯಾವ ಹೊಸ ಗುಳಿಗೆ ಶುರುವಾಯಿತು? ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ಔಷಧಿಯ ಚರಿತ್ರೆಯಲ್ಲಿ ದೊಡ್ಡ ದೊಡ್ಡ ಅಪಾಯಗಳನ್ನು ಹೊರಗೆ ತಂದದ್ದು ಈ ಪ್ರಶ್ನೆಯೇ. ಆ ಚರಿತ್ರೆಯನ್ನು ನಾವು ನಮ್ಮ ಹಂಪಿಯ ಕಾಲದಿಂದಲೇ ನೋಡೋಣ.

ವಿಜಯನಗರ ಕಾಲದ ವಿಷದ ಪುಸ್ತಕ

ವಿಜಯನಗರ ಹುಟ್ಟಿದ್ದು 1336ರಲ್ಲಿ ಅಂತ ಶಾಲೆಯಲ್ಲಿ ಓದಿದ್ದೇವೆ. ಆ ರಾಜ್ಯದ ಮೊದಮೊದಲ ದಿನಗಳಲ್ಲೇ, ಅಂದರೆ 14ನೇ ಶತಮಾನದ ನಡುವಿನಲ್ಲಿ, ಮಂಗರಾಜ ಎಂಬ ಜೈನ ಕವಿ ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ' ಎಂಬ ಗ್ರಂಥ ಬರೆದ. ಖಗೇಂದ್ರ ಅಂದರೆ ಗರುಡ, ಹಾವಿನ ವೈರಿ. ಇಡೀ ಗ್ರಂಥ ವಿಷ ಮತ್ತು ಅದರ ಚಿಕಿತ್ಸೆಯ ಬಗ್ಗೆ. ಗಿಡ, ಬೇರು, ಖನಿಜದಿಂದ ಬರುವುದು ಸ್ಥಾವರ ವಿಷ. ಹಾವು, ಚೇಳಿನಂಥ ಜೀವಿಗಳಿಂದ ಬರುವುದು ಜಂಗಮ ವಿಷ. ಯಾವ ವಿಷ ಏರಿದರೆ ಮೈಯಲ್ಲಿ ಏನು ಕಾಣುತ್ತದೆ ಅಂತ ಗುರುತಿಸುವುದು ಈ ವಿದ್ಯೆಯ ಮೊದಲ ಪಾಠ.

ಆಯುರ್ವೇದದಲ್ಲಿ ವಿಷದ ಬಗ್ಗೆ ಇರುವ ಭಾಗಕ್ಕೆ ಅಗದತಂತ್ರ ಎನ್ನುತ್ತಾರೆ. ಅದರಲ್ಲಿ ಇನ್ನೂ ಎರಡು ಮಾತು ಬರುತ್ತವೆ. ಒಂದು ಗರವಿಷ: ಬೇರೆ ಬೇರೆ ಪದಾರ್ಥಗಳು ಕೂಡಿದ್ದರಿಂದ ಹುಟ್ಟುವ ವಿಷ. ಇನ್ನೊಂದು ದೂಷೀವಿಷ: ಮೈಯಿಂದ ಪೂರ್ತಿ ಹೊರಗೆ ಹೋಗದೆ ಉಳಿದು, ನಿಧಾನಕ್ಕೆ, ಮೈ ಸೋತಾಗ ಕೆಡುಕು ಮಾಡುವ ವಿಷ.

ಆ ಕಾಲದ ವೈದ್ಯರಿಗೆ ಈಗಿನ ಗುಳಿಗೆ ಗೊತ್ತಿರಲಿಲ್ಲ, ಈಗಿನ ವಿಜ್ಞಾನವೆಲ್ಲ ಆಗಲೇ ಇತ್ತು ಅಂತಲೂ ನಾವು ಹೇಳುತ್ತಿಲ್ಲ. ಆದರೆ ಹಿರಿಯರಿಗೆ ಗುಳಿಗೆಯಿಂದ ಆಗುವ ತೊಂದರೆ ತಿಳಿಯಲಿಕ್ಕೆ ಈ ಎರಡು ಮಾತು ಚೆನ್ನಾಗಿ ಒದಗುತ್ತವೆ. ಎರಡು ಗುಳಿಗೆ ಕೂಡಿದಾಗ ಆಗುವ ಕೆಡುಕು ಒಂದು. ಮೈಯಲ್ಲಿ ಕೂಡಿಕೊಂಡು ಹೋಗುವ ಗುಳಿಗೆಯ ಕೆಡುಕು ಇನ್ನೊಂದು.

ಹಾವಿನ ವಿಷದಿಂದ ಬಂದ ಬಿಪಿ ಗುಳಿಗೆ

ಬ್ರೆಜಿಲ್ ದೇಶದಲ್ಲಿ ಜರರಾಕಾ ಎಂಬ ಮಂಡಲದ ಜಾತಿಯ ಹಾವಿದೆ. ಅದು ಕಚ್ಚಿದವರ ಬಿಪಿ ಏಕಾಏಕಿ ಇಳಿಯುತ್ತದೆ. ಸೆರ್ಜಿಯೊ ಫೆರೇರಾ ಎಂಬ ಅಲ್ಲಿನ ವಿಜ್ಞಾನಿ 1960ರ ದಶಕದಲ್ಲಿ ಆ ವಿಷದಲ್ಲಿರುವ ಅಂಶವನ್ನು ಗುರುತಿಸಿದರು. ಅದರ ಜಾಡು ಹಿಡಿದು ತಯಾರಾದದ್ದು ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಗುಳಿಗೆ. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಎನಾಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು.

ಲಕ್ಷಾಂತರ ಜನರ ಹೃದಯ, ಕಿಡ್ನಿ ಕಾಪಾಡಿದ ಗುಳಿಗೆ ಇದು. ಆದರೆ ಇದನ್ನು ನುಂಗುವ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಕಫ ಇಲ್ಲ, ಜ್ವರ ಇಲ್ಲ, ರಾತ್ರಿಯೆಲ್ಲ ಗಂಟಲು ಕೆರೆತ. ಇದು ಗುಳಿಗೆಯ ಕೆಮ್ಮು ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತಾದದ್ದು ಗುಳಿಗೆ ಮಾರುಕಟ್ಟೆಗೆ ಬಂದ ಮೇಲೆ, ರೋಗಿಗಳು ಬಂದು ಬಂದು ಹೇಳಿದ ಮೇಲೆ.

ಒಂದು ಮನೆ ಅಂದುಕೊಳ್ಳಿ. ಅಜ್ಜಿಗೆ ಈ ಗುಳಿಗೆ ಶುರುವಾಯಿತು, ಎರಡು ತಿಂಗಳಿಗೆ ಕೆಮ್ಮು ಬಂತು. ಮನೆಯವರು ಮೆಡಿಕಲ್ ಶಾಪಿಗೆ ಹೋಗಿ ಸಿರಪ್ ತಂದರು. ಸಿರಪ್ಪಿನಲ್ಲಿ ಮಂಪರು ತರುವ ಔಷಧಿ ಇತ್ತು. ಅಜ್ಜಿ ರಾತ್ರಿ ಮೂತ್ರಕ್ಕೆ ಎದ್ದು, ತೂಕಡಿಕೆಯಲ್ಲಿ ಹೊಸ್ತಿಲು ಎಡವಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಊರವರು ಬಂದು "ವಯಸ್ಸಾದವರ ಮೂಳೆ, ಏನು ಮಾಡೋದು" ಅಂದರು. ಮೊದಲ ಕೊಂಡಿಯ ನೆನಪು ಯಾರಿಗೂ ಇಲ್ಲ.

ಗುಳಿಗೆಯ ತ್ರಾಸನ್ನು ಹೊಸ ರೋಗ ಅಂದುಕೊಂಡು ಇನ್ನೊಂದು ಗುಳಿಗೆ ಕೊಡುವ ಈ ಸರಪಳಿಯ ಬಗ್ಗೆ ಹಿರಿಯರ ವೈದ್ಯರು 1990ರ ದಶಕದಿಂದ ಎಚ್ಚರಿಸುತ್ತಲೇ ಇದ್ದಾರೆ. ಇನ್ನೊಂದು ಸರಪಳಿಯೂ ಸಾಮಾನ್ಯ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಎಂಬ ಗುಳಿಗೆಯಿಂದ ಕೆಲವರಿಗೆ ಪಾದ ಬಾವು ಬರುತ್ತದೆ. ಬಾವಿಗೆ ಮೂತ್ರ ಹೋಗುವ ಗುಳಿಗೆ ಸೇರುತ್ತದೆ. ಅದರಿಂದ ಮೈಯ ನೀರು, ಉಪ್ಪು ಇಳಿದು ತಲೆ ತಿರುಗುತ್ತದೆ. ತಲೆ ತಿರುಗುವುದಕ್ಕೆ ಮತ್ತೊಂದು ಗುಳಿಗೆ ಬರುತ್ತದೆ.

ಹೂವಿನ ಗಿಡದ ಪಾಠ

ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯ ಇದ್ದ. ಮೈ ಊದಿಕೊಂಡವರಿಗೆ ಹಳ್ಳಿಯ ಮುದುಕಿಯೊಬ್ಬಳು ಕೊಡುತ್ತಿದ್ದ ಸೊಪ್ಪಿನ ಮದ್ದಿನ ಸುದ್ದಿ ಅವನ ಕಿವಿಗೆ ಬಿತ್ತು. ಮದ್ದಿನಲ್ಲಿದ್ದದ್ದು ಡಿಜಿಟಾಲಿಸ್ ಎಂಬ ಹೂವಿನ ಗಿಡ. ವರ್ಷಗಟ್ಟಲೆ ರೋಗಿಗಳಿಗೆ ಕೊಟ್ಟು ನೋಡಿ 1785ರಲ್ಲಿ ಪುಸ್ತಕ ಬರೆದ.

ಆ ಪುಸ್ತಕದ ಹೆಚ್ಚುಗಾರಿಕೆ ಏನೆಂದರೆ, ಮದ್ದಿನ ಗುಣದ ಜೊತೆ ಅವಗುಣವನ್ನೂ ಬರೆದಿಟ್ಟದ್ದು. ಹೆಚ್ಚಾದರೆ ವಾಂತಿ ಬರುತ್ತದೆ, ತಲೆ ಸುತ್ತುತ್ತದೆ, ನಾಡಿ ತೀರಾ ನಿಧಾನ ಆಗುತ್ತದೆ, ಕಣ್ಣಿಗೆ ಎಲ್ಲಾ ಹಳದಿ, ಹಸಿರಾಗಿ ಕಾಣುತ್ತದೆ. ಆ ಗಿಡದ ವಂಶದಿಂದ ಬಂದ ಡಿಗಾಕ್ಸಿನ್ ಗುಳಿಗೆಯನ್ನು ಹೃದಯದ ತೊಂದರೆಗೆ ಇವತ್ತಿಗೂ ಕೊಡುತ್ತಾರೆ. ಮೈಯಿಂದ ಅದನ್ನು ಹೊರಗೆ ಹಾಕುವ ಕೆಲಸ ಹೆಚ್ಚಾಗಿ ಕಿಡ್ನಿಯದು. ಕಿಡ್ನಿ ಸೋತ ಹಿರಿಯರಲ್ಲಿ ಅದು ದಿನದಿನಕ್ಕೆ ಕೂಡಿಕೊಳ್ಳುತ್ತದೆ. ಎಷ್ಟೋ ಸಲ ಮೊದಲು ಕಾಣುವ ಗುರುತು ಹಸಿವಿಲ್ಲದಿರುವುದು, ಅಷ್ಟೆ. "ಅಜ್ಜ ಊಟನೇ ಬಿಟ್ಟಾನ" ಅಂತ ಮನೆಯವರು ಬೇಜಾರು ಮಾಡಿಕೊಳ್ಳುವಾಗ ಒಳಗೆ ನಾಡಿ ಇಳಿಯುತ್ತಿರಬಹುದು.

ಮಕ್ಕಳ ದುರಂತ, ನಂತರ ಹಿರಿಯರ ದುರಂತ

ಔಷಧಿಯ ಕೆಡುಕನ್ನು ದೇಶದ ಮಟ್ಟದಲ್ಲಿ ಬರೆದಿಡಬೇಕು ಎಂಬ ಎಚ್ಚರ ಜಗತ್ತಿಗೆ ಬಂದದ್ದು ಒಂದು ದೊಡ್ಡ ದುರಂತದಿಂದ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ದೆ ಗುಳಿಗೆ ಬಂತು. ಬಸುರಿಯರು ವಾಕರಿಕೆಗೂ ನುಂಗಿದರು. ಕೈಕಾಲು ಸರಿಯಾಗಿ ಬೆಳೆಯದ 10,000ಕ್ಕೂ ಹೆಚ್ಚು ಮಕ್ಕಳು ಹಲವು ದೇಶಗಳಲ್ಲಿ ಹುಟ್ಟಿದರು. 1961ರಲ್ಲಿ ಜರ್ಮನಿಯ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು ತಾಯಂದಿರು ಏನು ನುಂಗಿದ್ದರು ಅಂತ ಯೋಚಿಸಿ, ಈ ಗುಳಿಗೆಯ ಕಡೆ ಬೆರಳು ತೋರಿಸಿದರು.

ಅಲ್ಲಿಂದ ವ್ಯವಸ್ಥೆ ಶುರುವಾಯಿತು. 1964ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರು ಹಳದಿ ಕಾರ್ಡಿನಲ್ಲಿ ಔಷಧಿಯ ಕೆಡುಕು ಬರೆದು ಕಳಿಸುವ ಪದ್ಧತಿ ಬಂತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 10 ದೇಶಗಳನ್ನು ಸೇರಿಸಿ ಇಂಥ ವರದಿಗಳನ್ನು ಒಂದೆಡೆ ತರಲಿಕ್ಕೆ ಆರಂಭಿಸಿತು.

ಹಿರಿಯರ ಸರದಿ ಬಂದದ್ದು 1980ರಲ್ಲಿ. ಬ್ರಿಟನ್ನಿನಲ್ಲಿ ಓಪ್ರೆನ್ ಎಂಬ ಕೀಲುನೋವಿನ ಗುಳಿಗೆ ಮಾರಾಟಕ್ಕೆ ಬಂತು. ದಿನಕ್ಕೆ ಒಂದೇ ಸಲ ನುಂಗಿದರೆ ಸಾಕು ಅಂತ ಜನಪ್ರಿಯ ಆಯಿತು. ಕೀಲುನೋವು ಅಂದಮೇಲೆ ನುಂಗುವವರಲ್ಲಿ ವಯಸ್ಸಾದವರೇ ಬಹಳ. ಹರೆಯದವರ ಮೈಯಿಂದ ಬೇಗ ಹೊರಹೋಗುತ್ತಿದ್ದ ಆ ಔಷಧಿ, ಹಿರಿಯರ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತಿತ್ತು. ಹಳೆಯದು ಹೊರಗೆ ಹೋಗುವ ಮೊದಲೇ ಹೊಸದು ಒಳಗೆ. 1982ರಲ್ಲಿ ಬೆಲ್‌ಫಾಸ್ಟ್ ಊರಿನ ವೈದ್ಯರು, ಈ ಗುಳಿಗೆ ತಗೊಂಡ ವಯಸ್ಸಾದ ರೋಗಿಗಳು ಕಾಮಾಲೆ ಬಂದು ಸತ್ತದ್ದನ್ನು ವೈದ್ಯಪತ್ರಿಕೆಗೆ ಬರೆದರು. ಅದೇ ಆಗಸ್ಟಿನಲ್ಲಿ ಗುಳಿಗೆ ಮಾರುಕಟ್ಟೆಯಿಂದ ಹೋಯಿತು. ಅಷ್ಟರಲ್ಲಿ 61 ಸಾವುಗಳ ವರದಿ ಬಂದಿತ್ತು.

ಹರೆಯದವರ ಮೈಗೆ ಅಳೆದ ಪ್ರಮಾಣ ಮುಪ್ಪಿನ ಮೈಗೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1991ರಲ್ಲಿ ಅಮೆರಿಕದ ಮಾರ್ಕ್ ಬೀರ್ಸ್ ಎಂಬ ವೈದ್ಯರು ತಮ್ಮ ಸಂಗಡಿಗರ ಜೊತೆ, ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿ ಮಾಡಿದರು. ಅದು ಇವತ್ತಿಗೂ ಪರಿಷ್ಕರಣೆ ಆಗುತ್ತಾ ಬಳಕೆಯಲ್ಲಿದೆ.

ಮುಪ್ಪಿನ ಮೈ ಯಾಕೆ ಬೇರೆ

ವಯಸ್ಸಾದಂತೆ ಕಿಡ್ನಿ ಸೋಸುವ ಶಕ್ತಿ ಕಡಿಮೆಯಾಗುತ್ತದೆ. ಲಿವರ್ ನಿಧಾನ ಆಗುತ್ತದೆ. ಮೈಯಲ್ಲಿ ನೀರು, ಮಾಂಸ ಇಳಿದು ಕೊಬ್ಬಿನ ಪಾಲು ಏರುತ್ತದೆ. ಕೊಬ್ಬಿನಲ್ಲಿ ಸೇರುವ ಕೆಲವು ನಿದ್ದೆ ಗುಳಿಗೆಗಳು ಅಲ್ಲೇ ಬಹಳ ಹೊತ್ತು ಉಳಿಯುತ್ತವೆ. ಎದ್ದು ನಿಂತಾಗ ಬಿಪಿಯನ್ನು ತಟ್ಟನೆ ಸರಿಮಾಡಿಕೊಳ್ಳುವ ಚುರುಕು ಕಡಿಮೆ ಆಗುತ್ತದೆ. ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ.

ಇದರ ಮೇಲೆ ನಮ್ಮ ಕಡೆಯ ಪರಿಸ್ಥಿತಿ ಬೇರೆ. ಶುಗರಿಗೆ ಹೊಸಪೇಟೆಯ ಡಾಕ್ಟರು, ಹೃದಯಕ್ಕೆ ಬಳ್ಳಾರಿಯ ಡಾಕ್ಟರು, ಜ್ವರಕ್ಕೆ ಊರಿನಲ್ಲಿ ಸೂಜಿ ಹಾಕುವವರು, ನೋವಿಗೆ ಮೆಡಿಕಲ್ ಶಾಪಿನವರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಬಂದು, ಎರಡನ್ನೂ ನುಂಗುವವರಿದ್ದಾರೆ. ಶೀಟಿನ ಮೇಲೆ ಕಂಪನಿ ಇಟ್ಟ ಹೆಸರಿನ ಹತ್ತಿರ ಔಷಧಿಯ ಮೂಲ ಹೆಸರೂ ಇರುತ್ತದೆ. ಮನೆಯಲ್ಲಿ ಓದುವ ಹುಡುಗರಿದ್ದರೆ ಅದನ್ನು ಓದಿಸಿ, ಒಂದೇ ಹೆಸರು ಎರಡು ಕಡೆ ಇದೆಯಾ ಅಂತ ನೋಡಿಸಿ.

ಬಳ್ಳಾರಿಯ ನೆನಪು

ನಮ್ಮ ದೇಶ 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಈ ಕೆಲಸಕ್ಕೆ ಸೇರಿಕೊಂಡಿತು. 2010ರ ಜುಲೈನಲ್ಲಿ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ, ಅಂದರೆ ಔಷಧಿಗಳ ಮೇಲೆ ಕಣ್ಣಿಡುವ ಕಾರ್ಯಕ್ರಮ ಶುರುವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ಮೆಡಿಕಲ್ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಜೆಎಸ್‌ಎಸ್ ಸಂಸ್ಥೆಯವರು ಈ ಕೆಲಸದಲ್ಲಿ ಮೊದಲಿನಿಂದ ಮುಂದಿದ್ದಾರೆ.

2024ರ ನವೆಂಬರ್ ತಿಂಗಳನ್ನು ಈ ಭಾಗದ ಯಾರೂ ಮರೆಯುವುದಿಲ್ಲ. ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಒಟ್ಟು ಐವರು. ಅವರಿಗೆ ನರದಲ್ಲಿ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಅನುಮಾನ ಬಂತು. ಸರ್ಕಾರ ಆ ಕಂಪನಿಯ ಬಾಟಲಿಗಳ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು.

ಅದು ಔಷಧಿಯ ಗುಣಮಟ್ಟದ ಪ್ರಶ್ನೆ. ಒಳ್ಳೆಯ ಔಷಧಿಯೇ ಮೈಗೆ ಒಗ್ಗದಿರುವುದು ಬೇರೆ. ಎರಡನ್ನೂ ನಾವು ಕಲಸುವುದಿಲ್ಲ. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ. ಒಂದೇ ಆಸ್ಪತ್ರೆಯಲ್ಲಿ, ಕೆಲವೇ ದಿನಗಳಲ್ಲಿ, ಹರೆಯದ ತಾಯಂದಿರು ಸತ್ತಾಗ ಇಡೀ ರಾಜ್ಯ "ಏನು ಕೊಟ್ಟಿದ್ದರು" ಅಂತ ಕೇಳಿತು. ಸಂಡೂರಿನ ಒಂದು ಮನೆಯಲ್ಲಿ ಅಜ್ಜ ಬಿದ್ದರೆ, ಕಂಪ್ಲಿಯ ಇನ್ನೊಂದು ಮನೆಯಲ್ಲಿ ಅಜ್ಜಿಗೆ ಅರಿವು ತಪ್ಪಿದರೆ, ಆ ಪ್ರಶ್ನೆ ಕೇಳುವವರಿಲ್ಲ. ಅದನ್ನು ಕೇಳಬೇಕಾದವರು ಮನೆಯವರೇ.

ಮನೆಯಲ್ಲಿ ಏನು ಗಮನಿಸಬೇಕು

ಶುಗರ್ ಗುಳಿಗೆ, ಇನ್ಸುಲಿನ್: ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನ, ಇಲ್ಲವೇ ಜ್ವರ ಬಂದು ಊಟ ಬಿಟ್ಟ ದಿನ ಎಂದಿನಂತೆ ಗುಳಿಗೆ ನುಂಗಿದರೆ ಶುಗರ್ ತೀರಾ ಇಳಿಯಬಹುದು. ಬೆವರು, ನಡುಕ, ಸಿಡುಕು, ಅಸಂಬದ್ಧ ಮಾತು ಇದರ ಗುರುತು. ಹಿರಿಯರಲ್ಲಿ ಬರೀ ಗೊಂದಲ, ಮಂಪರು ಅಷ್ಟೇ ಕಾಣಬಹುದು. ಎಚ್ಚರ ಇದ್ದು ನುಂಗುವಂತಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು, ಯಾಕೆಂದರೆ ಕೆಲವು ಗುಳಿಗೆಗಳ ಪರಿಣಾಮದಿಂದ ಶುಗರ್ ಮತ್ತೆ ಇಳಿಯುತ್ತದೆ. ಗ್ಲಿಬೆನ್‌ಕ್ಲಾಮೈಡ್ ಎಂಬ ಹಳೆಯ ಶುಗರ್ ಗುಳಿಗೆ 60 ದಾಟಿದವರಿಗೆ ತಕ್ಕುದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ಔಷಧಿ ಪಟ್ಟಿಯಲ್ಲಿ ಬರೆದಿದೆ. ಚೀಲದಲ್ಲಿ ಅದಿದ್ದರೆ ಡಾಕ್ಟರ ಹತ್ತಿರ ಮಾತಾಡಿ. ಉಪವಾಸ ಮಾಡುವವರು ಮುಂಚೆಯೇ ಕೇಳಿಕೊಳ್ಳಿ.

ನೋವಿನ ಗುಳಿಗೆ: ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ ಗುಳಿಗೆಗಳನ್ನು ದಿನಾ ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಬಹುದು. ಮಲ ಟಾರಿನ ಹಾಗೆ ಕರ್ರಗೆ ಹೋದರೆ ಕಾಯಬೇಡಿ. ಬಿಪಿ ಗುಳಿಗೆ, ಮೂತ್ರದ ಗುಳಿಗೆ ಜೊತೆ ನೋವಿನ ಗುಳಿಗೆಯೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ಮೂತ್ರ ಕಡಿಮೆಯಾಗುವುದು, ಮುಖ, ಪಾದ ಬಾವು ಅದರ ಗುರುತು.

ಬಿಪಿ, ಮೂತ್ರದ ಗುಳಿಗೆ: ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡುತ್ತೇವೆ. ಈ ಗುಳಿಗೆ ನುಂಗುವ ಹಿರಿಯರಿಗೆ ಅದು ತಮಾಷೆ ಅಲ್ಲ. ಚೈತ್ರದ ಬಿಸಿಲಲ್ಲಿ ಹಂಪಿ ತೇರಿಗೆ ಹೊರಟಾಗ, ವಾಂತಿ ಭೇದಿ ಹತ್ತಿದಾಗ ಮೈಯ ನೀರು ಬೇಗ ಬತ್ತುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಹಾಸಿಗೆಯಿಂದ ಒಮ್ಮೆಲೇ ಎದ್ದು ನಿಲ್ಲದೆ, ಸ್ವಲ್ಪ ಹೊತ್ತು ಕೂತು ಏಳುವುದು ಒಳ್ಳೆಯದು.

ನಿದ್ದೆ ಗುಳಿಗೆ, ನೆಗಡಿ ಗುಳಿಗೆ, ಕೆಮ್ಮಿನ ಸಿರಪ್: ಇವುಗಳಲ್ಲಿ ಹಲವು ಮಂಪರು, ಮರೆವು, ಮೂತ್ರ ಕಟ್ಟುವುದು, ಬೀಳುವುದಕ್ಕೆ ದಾರಿ ಮಾಡುತ್ತವೆ.

ರಕ್ತ ತೆಳುವಾಗಿಸುವ ಗುಳಿಗೆ: ಒಸಡಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕೆಂಪು ಮೂತ್ರ ಕಂಡರೆ ಕೂಡಲೇ ತೋರಿಸಿ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ.

ಹೆಸರಿಲ್ಲದ ಪುಡಿ, ಗುಳಿಗೆ: ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ "ಮೂರೇ ದಿನಕ್ಕೆ ಮಂಡಿನೋವು ಮಾಯ" ಅಂತ ಕೊಡುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಮುಖ ಗುಂಡಗೆ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತಗೊಂಡು ಒಮ್ಮೆಲೇ ಬಿಟ್ಟರೂ ಜೀವಕ್ಕೆ ಅಪಾಯ. ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಎದೆನೋವು, ಉಸಿರಾಟದ ತೊಂದರೆ, ತುಟಿ, ನಾಲಿಗೆ ಊದುವುದು ಕಂಡರೆ ಗುಳಿಗೆಯೋ ರೋಗವೋ ಅಂತ ವಿಚಾರ ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಬಿಡಬೇಡಿ, ಕೇಳಿ

ಇದನ್ನು ಓದಿ ಯಾರೂ ಗುಳಿಗೆ ಬಿಟ್ಟುಬಿಡಬಾರದು. ಬಿಪಿ ಗುಳಿಗೆ ತಟ್ಟನೆ ಬಿಟ್ಟು ಪಾರ್ಶ್ವವಾಯು ಹೊಡೆದರೆ ಅದು ಇನ್ನೂ ದೊಡ್ಡ ಅನಾಹುತ. ಮಾಡಬೇಕಾದ ಕೆಲಸ ಇಷ್ಟೆ. ಗೋಡೆಯ ಚೀಲವನ್ನು ಪೂರ್ತಿಯಾಗಿ, ಸಿರಪ್, ಪುಡಿ, ನಾಟಿ ಔಷಧಿ ಸಮೇತ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವ ಗುಳಿಗೆ ಯಾವ ದಿನ ಶುರುವಾಯಿತು, ಯಾವ ತ್ರಾಸು ಯಾವ ದಿನ ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. "ಸರ್, ಇವುಗಳಲ್ಲಿ ಯಾವುದಾದರೂ ಈಗ ಬೇಡವಾ?" ಅಂತ ಧೈರ್ಯವಾಗಿ ಕೇಳಿ. ಅದು ಡಾಕ್ಟರಿಗೆ ಎದುರು ಮಾತಾಡಿದಂತೆ ಅಲ್ಲ. ಅವರಿಗೆ ಬೇಕಾದ ಮಾಹಿತಿ ಕೊಟ್ಟಂತೆ.

ಔಷಧಿಯಿಂದ ಕೆಡುಕಾಯಿತು ಅಂತ ಅನುಮಾನ ಬಂದರೆ ವರದಿ ಮಾಡುವ ಹಕ್ಕು ರೋಗಿಗೂ, ಮನೆಯವರಿಗೂ ಇದೆ. ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಕೆಲಸದ ದಿನಗಳಲ್ಲಿ ಕಚೇರಿ ಹೊತ್ತಿನಲ್ಲಿ ಮಾಡಬೇಕು. ಸಾರ್ವಜನಿಕರು ತುಂಬುವ ಫಾರಂ ಕನ್ನಡದಲ್ಲೂ ಇದೆ. ಗುಳಿಗೆಯದೇ ತಪ್ಪು ಅಂತ ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು.

ಬೆಲ್‌ಫಾಸ್ಟಿನ ವೈದ್ಯರು ಕೆಲವೇ ರೋಗಿಗಳ ವಿಷಯ ಬರೆದು ಕಳಿಸಿದ್ದರು. ಆ ಗುಳಿಗೆ ನಿಲ್ಲಲಿಕ್ಕೆ ಅಂಥ ವರದಿಗಳೇ ಕಾರಣ ಆದವು. ನಮ್ಮ ಊರುಗಳಿಂದಲೂ ವರದಿ ಹೋಗಲಿ. ಈ ವಾರ ಸಂತೆಗೋ, ಆಸ್ಪತ್ರೆಗೋ ಹೋಗುವ ಮುಂಚೆ ಆ ಚೀಲವನ್ನು ಒಮ್ಮೆ ಇಳಿಸಿ ನೋಡಿ.